ಟಿ.ವಿ. ಪರದೆ: ಕೊಳ್ಳುವಾಗ ವಿವೇಚನೆ, ಕೊಂಡ ಮೇಲೆ ಆರೈಕೆ

ಕೆಲವು ವರ್ಷಗಳ ಹಿಂದೆ ನಮ್ಮ ಅಂಗಡಿಯ ಹಳೆಯ ಗ್ರಾಹಕರೊಬ್ಬರು ತಮ್ಮ ಉಪಾಹಾರ ಮಂದಿರದಲ್ಲಿ ತಿಂಡಿಗಳ ದರಪಟ್ಟಿಯನ್ನು ತೋರಿಸಲು ದೊಡ್ಡ ಟಿ.ವಿ. ಬೇಕೆಂದು ಬಂದರು. ಇದ್ದುದರಲ್ಲಿ ಉತ್ತಮವಾದುದನ್ನೇ ಕೊಡಿ ಎಂದರು. ನಾವು ಅತ್ಯಂತ ಬೆಲೆಬಾಳುವ ಓ.ಎಲ್.ಇ.ಡಿ. ಟಿ.ವಿ.ಯನ್ನು ಕೊಟ್ಟೆವು. ಬೆಳಗಿನ ಆರರಿಂದ ರಾತ್ರಿಯ ಹತ್ತರವರೆಗೆ ಅದರ ಮೇಲೆ ಒಂದೇ ದರಪಟ್ಟಿ ನಿಂತಿರುತ್ತಿತ್ತು. ವರ್ಷ ತುಂಬುವುದರೊಳಗೆ ದಿನಸಿಯ ಬೆಲೆ ಏರಿ ತಿಂಡಿಯ ದರವನ್ನೂ ಬದಲಿಸಬೇಕಾಯಿತು. ಹೊಸ ದರಗಳು ಪರದೆಯ ಮೇಲೆ ಮೂಡಿದವು. ಆದರೆ ಹಳೆಯ ದರಗಳು ಅವುಗಳ ಹಿಂದೆ ಮಸುಕಾಗಿ ಉಳಿದೇಬಿಟ್ಟವು. ಎರಡರಲ್ಲಿ ಯಾವ ದರ ಕೊಡಬೇಕೆಂದು ತಿಂಡಿಗೆ ಬಂದವರು ತಮಾಷೆ ಮಾಡತೊಡಗಿದರು. ವಾರಂಟಿ ಪತ್ರವನ್ನು ತೆಗೆದು ನೋಡಿದರೆ ಅದು ಗೃಹಬಳಕೆಗೆ ಮಾತ್ರ ಅನ್ವಯಿಸುತ್ತಿತ್ತು. ನಷ್ಟ ಅವರಿಗಾಯಿತು, ತಪ್ಪು ನಮ್ಮದಾಗಿತ್ತು. ಬಳಕೆ ಯಾವುದೆಂದು ತಿಳಿದಿದ್ದರೂ ನಾವು ಬೆಲೆಯನ್ನಷ್ಟೇ ನೋಡಿ ಮಾರಿದ್ದೆವು.

ಇಂದು ಟಿ.ವಿ. ಪರದೆಯು ಮನೆಯ ಹಜಾರಕ್ಕೆ ಸೀಮಿತವಾಗಿ ಉಳಿದಿಲ್ಲ. ವಸತಿಗೃಹದ ಕೊಠಡಿ, ಆಸ್ಪತ್ರೆಯ ನಿರೀಕ್ಷಣಾ ಕೊಠಡಿ, ಚಿನ್ನಾಭರಣದ ಮಳಿಗೆ, ಜವಳಿ ಅಂಗಡಿ, ಕಾರ್ಖಾನೆಯ ಸಭಾಂಗಣ ಎಲ್ಲೆಡೆಯೂ ಅದು ವ್ಯವಹಾರದ ಒಂದು ಉಪಕರಣವಾಗಿದೆ, ಅಂದರೆ ಬಂಡವಾಳವಾಗಿದೆ. ಟಿ.ವಿ.ಯ ಬೆಲೆಯಲ್ಲಿ ಅತಿ ದೊಡ್ಡ ಪಾಲು ಪರದೆಯ ಫಲಕದ್ದೇ. ಅದು ಒಡೆದರೆ ಅಥವಾ ಕೆಟ್ಟರೆ ಬದಲಿಸುವ ವೆಚ್ಚವು ಅನೇಕ ವೇಳೆ ಹೊಸ ಟಿ.ವಿ.ಯ ಬೆಲೆಯ ಸಮೀಪಕ್ಕೆ ಬರುತ್ತದೆ. ಆದ್ದರಿಂದ ಪರದೆಗಳ ವ್ಯತ್ಯಾಸವನ್ನೂ ಅವುಗಳ ಆರೈಕೆಯ ಕ್ರಮವನ್ನೂ ಅರಿತಿರುವುದು ಮಾರುವವರಿಗೂ ಕೊಳ್ಳುವವರಿಗೂ ಸಮಾನವಾಗಿ ಅಗತ್ಯ.

ಪಿಕ್ಚರ್ ಟ್ಯೂಬಿನ ಕಾಲ

1897ರಲ್ಲಿ ಜರ್ಮನಿಯ ವಿಜ್ಞಾನಿ ಕಾರ್ಲ್ ಫರ್ಡಿನಾಂಡ್ ಬ್ರೌನ್ ಅವರು ರೂಪಿಸಿದ ಕ್ಯಾಥೋಡ್ ಕಿರಣ ನಳಿಕೆಯೇ ನಾವು ಪಿಕ್ಚರ್ ಟ್ಯೂಬ್ ಎಂದು ಕರೆಯುತ್ತಿದ್ದ ಗಾಜಿನ ಬುರುಡೆಯ ಮೂಲ. ಅದರ ಹಿಂಭಾಗದಿಂದ ಹೊರಟ ಎಲೆಕ್ಟ್ರಾನುಗಳು ಮುಂಭಾಗದ ಗಾಜಿನ ಒಳಮೈಗೆ ಬಳಿದ ರಂಜಕ ಲೇಪಕ್ಕೆ ಬಡಿದಾಗ ಬೆಳಕು ಹೊಮ್ಮುತ್ತಿತ್ತು. ನಮ್ಮ ದೇಶದಲ್ಲಿ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಟಿ.ವಿ. ಪ್ರಸಾರವು 1982ರ ಏಷ್ಯನ್ ಕ್ರೀಡಾಕೂಟದ ವರ್ಷದಲ್ಲಿ ವರ್ಣಮಯವಾಯಿತು. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಬಿ.ಪಿ.ಎಲ್. ಸಂಸ್ಥೆಯು ವರ್ಣ ಟಿ.ವಿ. ಮಾರುಕಟ್ಟೆಯ ಮುಂಚೂಣಿಯಲ್ಲಿದ್ದುದು ನಮ್ಮ ಹಿರಿಯ ವರ್ತಕರ ನೆನಪಿನಲ್ಲಿರಬಹುದು.

ಆ ಪೆಟ್ಟಿಗೆ ಭಾರವಾಗಿತ್ತು, ವಿದ್ಯುತ್ತನ್ನೂ ಹೆಚ್ಚು ಬಳಸುತ್ತಿತ್ತು, ಆದರೆ ಗಟ್ಟಿಮುಟ್ಟಾಗಿತ್ತು. ಮುಂಭಾಗದ ದಪ್ಪ ಗಾಜನ್ನು ಒದ್ದೆ ಬಟ್ಟೆಯಿಂದ ಒತ್ತಿ ಒರೆಸಿದರೂ ಏನೂ ಆಗುತ್ತಿರಲಿಲ್ಲ. ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಸರಿಪಡಿಸುತ್ತಿದ್ದರು. ಇಂದಿನ ಪರದೆಗಳು ಹಾಳಾಗುವುದಕ್ಕೆ ಆ ಕಾಲದ ಅಭ್ಯಾಸಗಳನ್ನೇ ನಾವು ಮುಂದುವರಿಸಿರುವುದು ಒಂದು ಮುಖ್ಯ ಕಾರಣವೆಂದು ನನ್ನ ಅನುಭವ ಹೇಳುತ್ತದೆ.

ಪಿಕ್ಚರ್ ಟ್ಯೂಬಿನ ನಂತರ ದೊಡ್ಡ ಗಾತ್ರದಲ್ಲಿ ಮೊದಲು ಮನಸೆಳೆದದ್ದು ಪ್ಲಾಸ್ಮಾ ಪರದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1964ರಲ್ಲಿ ಹುಟ್ಟಿದ ಈ ತಂತ್ರದಲ್ಲಿ ಸಣ್ಣ ಸಣ್ಣ ಕೋಶಗಳಲ್ಲಿ ತುಂಬಿದ ನಿಯಾನ್ ಮತ್ತು ಕ್ಸೆನಾನ್ ಅನಿಲಗಳು ವಿದ್ಯುತ್ತಿನಿಂದ ಪ್ರಚೋದನೆಗೊಂಡು ರಂಜಕವನ್ನು ಬೆಳಗಿಸುತ್ತಿದ್ದವು. ಚಿತ್ರ ಸುಂದರವಾಗಿದ್ದರೂ ಶಾಖ, ಭಾರ ಮತ್ತು ವಿದ್ಯುತ್ ವೆಚ್ಚಗಳು ಅಧಿಕವಾಗಿದ್ದವು. ಎಲ್.ಸಿ.ಡಿ.ಯ ಬೆಲೆ ಇಳಿದಂತೆ ಪ್ಲಾಸ್ಮಾ ಹಿಂದೆ ಸರಿಯಿತು. ಪ್ಯಾನಾಸೋನಿಕ್ ಸಂಸ್ಥೆಯು 2013ರಲ್ಲಿ ಇದರ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. 2014ರಲ್ಲಿ ಸ್ಯಾಮ್‌ಸಂಗ್ ಮತ್ತು ಎಲ್.ಜಿ. ಸಂಸ್ಥೆಗಳೂ ಅದೇ ದಾರಿಯನ್ನು ಹಿಡಿದವು.

ಎಲ್.ಇ.ಡಿ. ಎಂಬ ಹೆಸರಿನ ಗೊಂದಲ

ಎಲ್.ಸಿ.ಡಿ. ಪರದೆಯಲ್ಲಿರುವ ದ್ರವಸ್ಫಟಿಕಕ್ಕೆ ಸ್ವಂತ ಬೆಳಕಿಲ್ಲ. ಕಿಟಕಿಯ ಬಾಗಿಲಿನಂತೆ ಅದು ಬೆಳಕನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ಬೆಳಕು ಹಿಂದಿನಿಂದ ಬರಬೇಕು. ಆರಂಭದ ಎಲ್.ಸಿ.ಡಿ.ಗಳಲ್ಲಿ ಈ ಕೆಲಸವನ್ನು ಪಾದರಸವಿದ್ದ ತೆಳು ಟ್ಯೂಬ್‌ಲೈಟುಗಳು ಮಾಡುತ್ತಿದ್ದವು. ಅನಂತರ ಅವುಗಳ ಸ್ಥಾನವನ್ನು ಎಲ್.ಇ.ಡಿ. ದೀಪಗಳ ಪಟ್ಟಿಗಳು ಆಕ್ರಮಿಸಿದವು. ಇದರಿಂದ ವಿದ್ಯುತ್ ಉಳಿತಾಯವಾಯಿತು, ಟಿ.ವಿ.ಯ ದಪ್ಪ ಕಡಿಮೆಯಾಯಿತು. ಮಾರುಕಟ್ಟೆಯಲ್ಲಿ ಇದಕ್ಕೆ ಎಲ್.ಇ.ಡಿ. ಟಿ.ವಿ. ಎಂಬ ಹೆಸರು ಬಂದಿತು. ಆದರೆ ಚಿತ್ರವನ್ನು ಮೂಡಿಸುವುದು ಇಂದಿಗೂ ದ್ರವಸ್ಫಟಿಕವೇ ಎಂಬುದನ್ನು ಮರೆಯಬಾರದು. ಎಲ್.ಸಿ.ಡಿ. ಬೇಡ, ಎಲ್.ಇ.ಡಿ. ಕೊಡಿ ಎಂದು ಕೇಳುವ ಗ್ರಾಹಕರಿಗೆ ಇದನ್ನು ತಿಳಿಹೇಳುವುದು ವರ್ತಕರ ಕರ್ತವ್ಯ.

ಎಲ್.ಸಿ.ಡಿ. ಫಲಕಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಐ.ಪಿ.ಎಸ್. ಬಗೆಯ ಪರದೆಯನ್ನು ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡುವುದಿಲ್ಲ. ಆದರೆ ಕಪ್ಪು ಬಣ್ಣವು ಸ್ವಲ್ಪ ಬೂದಿಯಾಗಿ ತೋರುತ್ತದೆ. ವಿ.ಎ. ಬಗೆಯಲ್ಲಿ ಕಪ್ಪು ಗಾಢವಾಗಿರುತ್ತದೆ. ಆದರೆ ಪಕ್ಕಕ್ಕೆ ಸರಿದಂತೆ ಬಣ್ಣ ಪೇಲವವಾಗುತ್ತದೆ. ಜನರು ಹಲವು ದಿಕ್ಕುಗಳಲ್ಲಿ ಕುಳಿತು ನೋಡುವ ಸ್ಥಳಕ್ಕೆ ಮೊದಲನೆಯದು, ಎದುರಿಗೇ ಕುಳಿತು ನೋಡುವ ಕೊಠಡಿಗೆ ಎರಡನೆಯದು ಹೊಂದುತ್ತದೆ.

ಕ್ಯೂ.ಎಲ್.ಇ.ಡಿ. ಎಂಬ ಹೆಸರಿನಲ್ಲಿ ಮಾರಾಟವಾಗುವ ಟಿ.ವಿ.ಗಳೂ ಎಲ್.ಸಿ.ಡಿ. ಕುಟುಂಬಕ್ಕೇ ಸೇರಿವೆ. ಕ್ವಾಂಟಮ್ ಡಾಟ್ ಎಂಬ ಅತಿಸೂಕ್ಷ್ಮ ಕಣಗಳ ಪದರದ ಸಹಾಯದಿಂದ ಇವುಗಳಲ್ಲಿ ಬಣ್ಣಗಳು ಶುದ್ಧವಾಗಿ ಮೂಡುತ್ತವೆ. ಈ ಕಣಗಳ ಸಂಶೋಧನೆಗಾಗಿ ಮೂವರು ವಿಜ್ಞಾನಿಗಳಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿದೆ. ಮಿನಿ ಎಲ್.ಇ.ಡಿ. ಎಂಬುದು ಹಿಂಬೆಳಕಿನ ಸುಧಾರಣೆ. ಅದರಲ್ಲಿ ಬಹಳ ಚಿಕ್ಕದಾದ ಅಸಂಖ್ಯ ದೀಪಗಳನ್ನು ವಿಭಾಗ ಮಾಡಿ, ಚಿತ್ರದಲ್ಲಿ ಕತ್ತಲೆಯಿರುವ ಕಡೆ ಮಾತ್ರ ಬೆಳಕನ್ನು ತಗ್ಗಿಸುತ್ತಾರೆ. ಉಜ್ವಲ ಬೆಳಕಿರುವ ಮಳಿಗೆಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ತಾನೇ ಬೆಳಗುವ ಪರದೆ

ಓ.ಎಲ್.ಇ.ಡಿ. ಇವೆಲ್ಲಕ್ಕಿಂತ ಭಿನ್ನವಾದುದು. 1987ರಲ್ಲಿ ಕೊಡಕ್ ಸಂಸ್ಥೆಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಅವರು ಪ್ರಕಟಿಸಿದ ಸಂಶೋಧನೆಯೇ ಇದಕ್ಕೆ ತಳಹದಿ. ಇಲ್ಲಿ ಪ್ರತಿಯೊಂದು ಬಿಂದುವಿನಲ್ಲೂ ಇಂಗಾಲಮೂಲದ ಸಾವಯವ ಪದರವಿದ್ದು, ವಿದ್ಯುತ್ ಹರಿದಾಗ ಅದು ತಾನೇ ಬೆಳಗುತ್ತದೆ. ಹಿಂಬೆಳಕಿನ ಅವಶ್ಯಕತೆಯೇ ಇಲ್ಲ. ಕಪ್ಪು ಬೇಕಾದೆಡೆ ಬಿಂದುವು ಪೂರ್ಣವಾಗಿ ಆರಿಹೋಗುವುದರಿಂದ ಕಪ್ಪು ನಿಜವಾದ ಕಪ್ಪೇ ಆಗಿರುತ್ತದೆ. ಯಾವ ಕೋನದಿಂದ ನೋಡಿದರೂ ಚಿತ್ರ ಕೆಡುವುದಿಲ್ಲ. 2007ರಲ್ಲಿ ಸೋನಿ ಸಂಸ್ಥೆಯು 11 ಅಂಗುಲದ ಓ.ಎಲ್.ಇ.ಡಿ. ಟಿ.ವಿ.ಯನ್ನು ಮಾರುಕಟ್ಟೆಗೆ ತಂದಾಗ ಅದೊಂದು ಕೌತುಕದ ವಸ್ತುವಾಗಿತ್ತು. ಈಗ ದೊಡ್ಡ ಗಾತ್ರಗಳಲ್ಲಿ ದೊರೆಯುತ್ತಿದೆ.

ಆದರೆ ಸಾವಯವ ಪದರವು ಬಳಸಿದಷ್ಟೂ ಸವೆಯುತ್ತದೆ. ಒಂದೇ ಚಿಹ್ನೆ, ಒಂದೇ ಬರಹ ದೀರ್ಘಕಾಲ ಒಂದೇ ಜಾಗದಲ್ಲಿ ನಿಂತರೆ ಅಲ್ಲಿನ ಬಿಂದುಗಳು ಉಳಿದವುಗಳಿಗಿಂತ ಬೇಗ ಸವೆದು, ಆ ಆಕಾರವು ಪರದೆಯ ಮೇಲೆ ಶಾಶ್ವತವಾಗಿ ಅಚ್ಚೊತ್ತುತ್ತದೆ. ತಂತ್ರಜ್ಞರು ಇದನ್ನು ಬರ್ನ್-ಇನ್ ಎನ್ನುತ್ತಾರೆ. ನಮ್ಮ ಗ್ರಾಹಕರ ದರಪಟ್ಟಿಗೆ ಆದದ್ದು ಇದೇ. ಎಲ್.ಸಿ.ಡಿ.ಯಲ್ಲಿಯೂ ಕೆಲವೊಮ್ಮೆ ನೆರಳು ಉಳಿಯುವುದುಂಟು. ಆದರೆ ಅದು ಸಾಮಾನ್ಯವಾಗಿ ಕೆಲಕಾಲದಲ್ಲಿ ಮಾಯವಾಗುತ್ತದೆ.

ಯಾವ ವ್ಯವಹಾರಕ್ಕೆ ಯಾವುದು?

ದರಪಟ್ಟಿ, ಟೋಕನ್ ಸಂಖ್ಯೆ, ಜಾಹೀರಾತು ಮುಂತಾಗಿ ನಿಂತ ಚಿತ್ರವನ್ನು ದಿನವಿಡೀ ತೋರಿಸುವ ಸ್ಥಳಗಳಿಗೆ ಎಲ್.ಸಿ.ಡಿ. ಬಗೆಯ ಪರದೆಯೇ ಸೂಕ್ತ. ಅದರಲ್ಲಿಯೂ ವಾಣಿಜ್ಯ ಬಳಕೆಗೆಂದೇ ತಯಾರಾದ, ದಿನಕ್ಕೆ 16 ಅಥವಾ 24 ಗಂಟೆ ನಡೆಯಬಲ್ಲ ಫಲಕಗಳು ಪ್ರತ್ಯೇಕವಾಗಿ ದೊರೆಯುತ್ತವೆ. ಅವುಗಳ ಬೆಲೆ ಹೆಚ್ಚು. ಆದರೆ ವಾರಂಟಿಯು ವಾಣಿಜ್ಯ ಬಳಕೆಗೂ ಅನ್ವಯಿಸುವುದರಿಂದ ಒಟ್ಟಾರೆ ಲೆಕ್ಕದಲ್ಲಿ ಲಾಭವೇ. ವಸತಿಗೃಹಗಳ ಕೊಠಡಿಗಳಿಗೆ ಸಾಧಾರಣ ಎಲ್.ಇ.ಡಿ. ಟಿ.ವಿ.ಗಳು ಸಾಕು, ಎಲ್ಲ ಕೊಠಡಿಗಳಿಗೂ ಒಂದೇ ಮಾದರಿಯನ್ನು ಕೊಂಡರೆ ರಿಮೋಟು ಮತ್ತು ಬಿಡಿಭಾಗಗಳ ತೊಂದರೆ ತಪ್ಪುತ್ತದೆ. ಹೊರಗಿನ ಬೆಳಕು ಎದುರಿನಿಂದ ಬೀಳುವ ಮಳಿಗೆಗಳಿಗೆ ಕಾಂತಿ ಹೆಚ್ಚಿರುವ ಮಿನಿ ಎಲ್.ಇ.ಡಿ. ಒಳ್ಳೆಯದು. ಮಂದಬೆಳಕಿನ ಕೊಠಡಿಯಲ್ಲಿ ಚಲಿಸುವ ಚಿತ್ರಗಳನ್ನೇ ನೋಡುವವರಿಗೆ ಓ.ಎಲ್.ಇ.ಡಿ.ಗೆ ಸಾಟಿಯಿಲ್ಲ.

ಗಾತ್ರದ ಜೊತೆಗೆ ಸ್ಪಷ್ಟತೆಯನ್ನೂ ವಿಚಾರಿಸಬೇಕು. ಫುಲ್ ಎಚ್.ಡಿ. ಪರದೆಯಲ್ಲಿ 1920 × 1080, ಅಂದರೆ 20,73,600 ಬಿಂದುಗಳಿರುತ್ತವೆ. 4ಕೆ ಪರದೆಯಲ್ಲಿ 3840 × 2160, ಅಂದರೆ ಅದರ ನಾಲ್ಕು ಪಟ್ಟು ಬಿಂದುಗಳಿರುತ್ತವೆ. 55 ಅಂಗುಲದ 4ಕೆ ಟಿ.ವಿ.ಯನ್ನು ಸುಮಾರು ಏಳು ಅಡಿ ದೂರದಿಂದ ಹಾಯಾಗಿ ನೋಡಬಹುದು. ಇಪ್ಪತ್ತು ಅಡಿ ದೂರದಲ್ಲಿ ತೂಗುಹಾಕುವ 32 ಅಂಗುಲದ ಟಿ.ವಿ.ಗೆ ಹೆಚ್ಚಿನ ಸ್ಪಷ್ಟತೆಗಾಗಿ ಹಣ ತೆತ್ತರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಅಂಗಡಿಯಲ್ಲಿ ಟಿ.ವಿ.ಗಳನ್ನು ಸಾಮಾನ್ಯವಾಗಿ ಅತ್ಯಧಿಕ ಕಾಂತಿಯ ಪ್ರದರ್ಶನ ವಿಧಾನದಲ್ಲಿ ಇಟ್ಟಿರುತ್ತಾರೆ. ಕೊಳ್ಳುವವರು ಅದನ್ನು ಬದಲಿಸಿ, ಮಾಮೂಲಿ ವಾರ್ತಾವಾಹಿನಿಯೊಂದನ್ನು ಹಾಕಿಸಿ ನೋಡಬೇಕು. ತಮ್ಮ ಸ್ಥಳಕ್ಕೆ ತಂದ ಮೇಲೂ ಕಾಂತಿಯನ್ನು ತಗ್ಗಿಸಿಕೊಳ್ಳಬೇಕು. ಇದರಿಂದ ವಿದ್ಯುತ್ತೂ ಉಳಿಯುತ್ತದೆ, ದೀಪಗಳ ಆಯುಸ್ಸೂ ಹೆಚ್ಚುತ್ತದೆ.

ತೆರಿಗೆಯ ವಿಚಾರದಲ್ಲಿ ಒಂದು ಮಾತು. 32 ಅಂಗುಲದವರೆಗಿನ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ.ಯು 2019ರ ಜನವರಿ 1ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿತ್ತು. 2025ರ ಸೆಪ್ಟೆಂಬರ್ 22ರಿಂದ ಅದಕ್ಕಿಂತ ದೊಡ್ಡವುಗಳಿಗೂ ಶೇ. 18ರ ದರವೇ ಜಾರಿಗೆ ಬಂದಿತು. ಇದರಿಂದಾಗಿ ತೆರಿಗೆಗೆ ಹೆದರಿ 32 ಅಂಗುಲಕ್ಕೆ ನಿಲ್ಲುತ್ತಿದ್ದ ಕಾರಣ ಇಲ್ಲವಾಯಿತು. ವ್ಯವಹಾರಕ್ಕಾಗಿ ಕೊಂಡ ಟಿ.ವಿ.ಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯಲು ಸಾಧ್ಯವೇ ಎಂಬುದು ಆಯಾ ವ್ಯವಹಾರವನ್ನು ಅವಲಂಬಿಸಿದೆ. ಜಮೆಯಿಲ್ಲದೆ ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ಉಪಾಹಾರ ಮಂದಿರಗಳಿಗೆ ಆ ಸೌಲಭ್ಯ ದೊರೆಯುವುದಿಲ್ಲ. ಬಿಲ್ಲು ಬರೆಸುವ ಮೊದಲೇ ಲೆಕ್ಕಪರಿಶೋಧಕರನ್ನು ವಿಚಾರಿಸುವುದು ಕ್ಷೇಮ.

ಒರೆಸುವ ಬಗೆ

ಹೊಸ ಪರದೆಗಳ ಹೊರಮೈಯಲ್ಲಿ ಪ್ರತಿಫಲನವನ್ನು ತಡೆಯುವ ತೆಳುವಾದ ಲೇಪ ಅಥವಾ ಹಾಳೆ ಇರುತ್ತದೆ. ಕಿಟಕಿಯ ಗಾಜನ್ನು ತೊಳೆಯುವ ದ್ರವ, ಅಮೋನಿಯಾ, ಸ್ಪಿರಿಟ್, ಥಿನ್ನರ್, ಸಾಬೂನಿನ ಪುಡಿ ಇವು ಅದನ್ನು ಹಾಳುಮಾಡುತ್ತವೆ. ವೃತ್ತಪತ್ರಿಕೆಯ ಹಾಳೆ ಮತ್ತು ಒರಟು ಬಟ್ಟೆಗಳಿಂದ ಗೀರು ಬೀಳುತ್ತದೆ. ಟಿ.ವಿ.ಯನ್ನು ಆರಿಸಿ, ಪ್ಲಗ್ ತೆಗೆದು, ತಣ್ಣಗಾದ ಮೇಲೆ ಮೃದುವಾದ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಡವಿಲ್ಲದೆ ಒರೆಸಬೇಕು. ಕಲೆ ಹೋಗದಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಿಂದ ಬಟ್ಟೆಯನ್ನು ತುಸು ತೇವ ಮಾಡಿಕೊಳ್ಳಬಹುದು. ನೀರನ್ನು ಪರದೆಯ ಮೇಲೆ ಎಂದಿಗೂ ಸಿಂಪಡಿಸಬಾರದು. ಹನಿಯು ಜಾರಿ ಕೆಳ ಅಂಚಿನೊಳಗೆ ಇಳಿದರೆ ಅಲ್ಲಿರುವ ಸೂಕ್ಷ್ಮ ಸಂಪರ್ಕಗಳು ತುಕ್ಕು ಹಿಡಿದು, ಪರದೆಯ ಮೇಲೆ ಉದ್ದನೆಯ ಗೆರೆಗಳು ಮೂಡುತ್ತವೆ. ಬೆಳಗ್ಗೆ ಅಂಗಡಿ ಗುಡಿಸಿ ಸಾರಿಸುವ ಹುಡುಗರಿಗೆ ಇದನ್ನು ಮಾಲೀಕರೇ ಒಮ್ಮೆ ಮಾಡಿ ತೋರಿಸಬೇಕು.

ಆಯುಧಪೂಜೆಯಂದು ಯಂತ್ರಗಳಿಗೆಲ್ಲ ವಿಭೂತಿ, ಅರಿಶಿನ, ಕುಂಕುಮಗಳನ್ನು ಹಚ್ಚುವುದು ನಮ್ಮ ಸಂಪ್ರದಾಯ. ಅದನ್ನು ಟಿ.ವಿ.ಯ ಚೌಕಟ್ಟಿಗೋ ಪೀಠಕ್ಕೋ ಹಚ್ಚಿದರೆ ಪೂಜೆಗೂ ಲೋಪವಿಲ್ಲ, ಪರದೆಗೂ ಅಪಾಯವಿಲ್ಲ. ನೀರು ತೊಟ್ಟಿಕ್ಕುವ ಹೂಮಾಲೆಯನ್ನು ಮಾತ್ರ ಅದರ ಮೇಲೆ ಇಳಿಬಿಡಬಾರದು. ಉಪಾಹಾರ ಮಂದಿರಗಳಲ್ಲಿ ದೋಸೆಯ ಕಾವಲಿಯ ಹಬೆ ಮತ್ತು ಎಣ್ಣೆಯ ಜಿಡ್ಡು ತಾಗುವಲ್ಲಿ ಟಿ.ವಿ.ಯನ್ನು ತೂಗುಹಾಕಬಾರದು. ಹಿಂಭಾಗದ ಗಾಳಿಯ ಕಂಡಿಗಳಲ್ಲಿ ಧೂಳು ಕಟ್ಟದಂತೆ, ಇರುವೆ, ಜಿರಲೆ, ಹಲ್ಲಿಗಳು ಸೇರದಂತೆ ನೋಡಿಕೊಳ್ಳಬೇಕು. ಕರಾವಳಿಯ ಮತ್ತು ಮಲೆನಾಡಿನ ಊರುಗಳಲ್ಲಿ ಮಳೆಗಾಲದಲ್ಲಿ ಖಾಲಿಯಿರುವ ಕೊಠಡಿಗಳ ಟಿ.ವಿ.ಗಳನ್ನೂ ಆಗಾಗ ಸ್ವಲ್ಪ ಹೊತ್ತು ಚಾಲನೆ ಮಾಡಿದರೆ ಒಳಗಿನ ತೇವ ಆರುತ್ತದೆ.

ವಿದ್ಯುತ್ತಿನ ಏರಿಳಿತ

ಇಂದಿನ ಹೆಚ್ಚಿನ ಟಿ.ವಿ.ಗಳು ವೋಲ್ಟೇಜು ಸಾಕಷ್ಟು ಇಳಿದರೂ ಕೆಲಸ ಮಾಡುತ್ತವೆ. ಅದರ ಮಿತಿಯನ್ನು ಹಿಂಬದಿಯ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಅಪಾಯವಿರುವುದು ಏರಿಕೆಯಲ್ಲಿ. ಮೂರು ಫೇಸಿನ ಸರಬರಾಜಿನಲ್ಲಿ ನ್ಯೂಟ್ರಲ್ ತಂತಿ ಕಡಿದರೆ 230 ವೋಲ್ಟ್ ಇರಬೇಕಾದಲ್ಲಿ 400 ವೋಲ್ಟಿನ ಸಮೀಪದವರೆಗೂ ಏರಬಹುದು. ಒಂದೇ ಕ್ಷಣದಲ್ಲಿ ಸಾಲು ಅಂಗಡಿಗಳ ಉಪಕರಣಗಳೆಲ್ಲ ಸುಟ್ಟುಹೋಗುವುದು ಹೀಗೆಯೇ. ಮಿತಿಮೀರಿದೊಡನೆ ಸಂಪರ್ಕವನ್ನು ಕಡಿಯುವ ರಕ್ಷಕ ಸಾಧನವನ್ನು ಮೀಟರಿನ ಬಳಿ ಅಳವಡಿಸುವುದು ಮತ್ತು ಅರ್ಥಿಂಗ್ ಸರಿಯಾಗಿದೆಯೇ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸುವುದು ಅಗತ್ಯ.

ಏಪ್ರಿಲ್, ಮೇ ತಿಂಗಳುಗಳ ಗುಡುಗು ಸಿಡಿಲಿನ ಮಳೆಯಲ್ಲಿ ಪ್ಲಗ್ ತೆಗೆದರಷ್ಟೇ ಸಾಲದು. ಡಿಶ್ ಅಥವಾ ಕೇಬಲ್ಲಿನ ತಂತಿಯ ಮೂಲಕವೂ ಆಘಾತ ಬರುವುದರಿಂದ ಅದನ್ನೂ ಕಳಚಬೇಕು.

ಓ.ಎಲ್.ಇ.ಡಿ. ಇರುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಅನೇಕ ಮಾದರಿಗಳು ಕೆಲವು ಗಂಟೆಗಳ ಬಳಕೆಯ ನಂತರ, ರಿಮೋಟಿನಿಂದ ಆರಿಸಿದ ಮೇಲೆ, ಕೆಲವು ನಿಮಿಷಗಳ ಕಾಲ ತಮ್ಮ ಬಿಂದುಗಳನ್ನು ತಾವೇ ಸರಿದೂಗಿಸಿಕೊಳ್ಳುತ್ತವೆ. ಬಾಗಿಲು ಹಾಕುವ ಅವಸರದಲ್ಲಿ ಮೇನ್ ಸ್ವಿಚ್ಚನ್ನೇ ಆರಿಸುವ ನಮ್ಮ ಅಂಗಡಿಗಳ ಪದ್ಧತಿಯಿಂದ ಈ ಕಾರ್ಯ ನಿಂತುಹೋಗುತ್ತದೆ. ಟಿ.ವಿ.ಯನ್ನು ಮೊದಲು ಆರಿಸಿ, ದಿನದ ಲೆಕ್ಕ ಮುಗಿಸಿ, ಕೊನೆಯಲ್ಲಿ ಮೇನ್ ಆರಿಸಿದರೆ ಅದಕ್ಕೆ ಬೇಕಾದ ಅವಕಾಶ ದೊರೆಯುತ್ತದೆ.

ಸಾಗಣೆ ಮತ್ತು ದುರಸ್ತಿ

ದೊಡ್ಡ ಟಿ.ವಿ.ಯನ್ನು ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದರೆ ಫಲಕ ಬಾಗಿ ಒಡೆಯುವ ಸಂಭವವಿದೆ. ಇಬ್ಬರು ಹಿಡಿಯಬೇಕು, ಬೆರಳುಗಳು ಪರದೆಯನ್ನು ಒತ್ತಬಾರದು. ಬಂದ ಪೆಟ್ಟಿಗೆಯನ್ನು ತಲುಪಿಸಿದವರ ಎದುರಿನಲ್ಲಿಯೇ ಬಿಚ್ಚಿಸಿ, ಚಾಲನೆ ಮಾಡಿ ನೋಡಿದ ನಂತರವೇ ಸಹಿ ಹಾಕಬೇಕು. ಒಡೆದ ಪರದೆಯು ಸಾಮಾನ್ಯವಾಗಿ ವಾರಂಟಿಯೊಳಗೆ ಬರುವುದಿಲ್ಲ.

ಟಿ.ವಿ. ಕೆಟ್ಟಾಗಲೆಲ್ಲ ಫಲಕವೇ ಹೋಯಿತೆಂದು ನಂಬಬೇಕಾಗಿಲ್ಲ. ಎಲ್.ಇ.ಡಿ. ಟಿ.ವಿ.ಯಲ್ಲಿ ಧ್ವನಿ ಬರುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ, ಕೊಠಡಿಯನ್ನು ಕತ್ತಲೆ ಮಾಡಿ ಪರದೆಗೆ ಹತ್ತಿರದಿಂದ ಟಾರ್ಚ್ ಬೆಳಕು ಹಾಯಿಸಿ ನೋಡಿರಿ. ಚಿತ್ರವು ಮಸುಕಾಗಿ ಕಂಡರೆ ಫಲಕ ಸುಸ್ಥಿತಿಯಲ್ಲಿದ್ದು, ಹಿಂಬೆಳಕಿನ ದೀಪಗಳೋ ಅವುಗಳಿಗೆ ವಿದ್ಯುತ್ ಕೊಡುವ ಭಾಗವೋ ಕೆಟ್ಟಿದೆಯೆಂದು ತಿಳಿಯಬಹುದು. ಇದನ್ನು ಅನುಭವಿ ಮೆಕ್ಯಾನಿಕ್‌ಗಳು ಹೊಸ ಟಿ.ವಿ.ಯ ಬೆಲೆಯ ಅಲ್ಪಾಂಶದಲ್ಲಿ ಸರಿಪಡಿಸಬಲ್ಲರು. ಒಳಗಿನಿಂದ ಜೇಡರ ಬಲೆಯಂತೆ ಬಿರುಕು ಕಂಡರೆ ಮಾತ್ರ ಫಲಕವನ್ನೇ ಬದಲಿಸಬೇಕಾಗುತ್ತದೆ. ಈ ಒಂದು ಪರೀಕ್ಷೆಯನ್ನು ಗೊತ್ತುಮಾಡಿಕೊಂಡ ವಸತಿಗೃಹದ ಮಾಲೀಕರು ಗುಜರಿಗೆ ಹೋಗಬೇಕಾಗಿದ್ದ ಟಿ.ವಿ.ಗಳನ್ನು ಉಳಿಸಿಕೊಂಡಿರುವುದನ್ನು ನಾನು ಕಂಡಿದ್ದೇನೆ.

ನಿಜವಾಗಿಯೂ ಆಯುಸ್ಸು ಮುಗಿದವುಗಳನ್ನು ಒಡೆದು ಎಸೆಯಬಾರದು. ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸವೂ, ಹಳೆಯ ಎಲ್.ಸಿ.ಡಿ.ಗಳ ಟ್ಯೂಬ್‌ಲೈಟುಗಳಲ್ಲಿ ಪಾದರಸವೂ ಇರುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಇ-ತ್ಯಾಜ್ಯ ನಿಯಮಗಳ ಆಶಯದಂತೆ ಅವುಗಳನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಿ ರಸೀದಿ ಪಡೆಯಬೇಕು.

ಮೂರು ಪ್ರಶ್ನೆಗಳು

ದರಪಟ್ಟಿಯ ಆ ಪ್ರಸಂಗದ ನಂತರ ನಮ್ಮ ಅಂಗಡಿಯಲ್ಲಿ ಒಂದು ನಿಯಮವನ್ನು ಮಾಡಿಕೊಂಡಿದ್ದೇವೆ. ಬಿಲ್ಲು ಬರೆಯುವ ಮೊದಲು ಗ್ರಾಹಕರನ್ನು ಮೂರು ಪ್ರಶ್ನೆ ಕೇಳುತ್ತೇವೆ: ದಿನಕ್ಕೆ ಎಷ್ಟು ಗಂಟೆ ನಡೆಯುತ್ತದೆ? ಪರದೆಯ ಮೇಲೆ ನಿಂತ ಬರಹವೇ, ಚಲಿಸುವ ಚಿತ್ರವೇ? ಎದುರಿನಿಂದ ಎಷ್ಟು ಬೆಳಕು ಬೀಳುತ್ತದೆ? ಈ ಉತ್ತರಗಳಿಂದ ಕೆಲವೊಮ್ಮೆ ಹೆಚ್ಚು ಬೆಲೆಯ ಟಿ.ವಿ.ಯ ಬದಲು ಕಡಿಮೆ ಬೆಲೆಯದನ್ನು ಮಾರಬೇಕಾಗುತ್ತದೆ. ಆ ದಿನದ ಲಾಭ ಸ್ವಲ್ಪ ತಗ್ಗುವುದು ನಿಜ. ಉಪಾಹಾರ ಮಂದಿರದ ಆ ಗ್ರಾಹಕರಿಗೆ ಮುಂದೆ ನಾವು ವಾಣಿಜ್ಯ ಬಳಕೆಯ ಎಲ್.ಸಿ.ಡಿ. ಫಲಕವೊಂದನ್ನು ಲಾಭವಿಲ್ಲದೆ ಕೊಟ್ಟೆವು. ಅವರು ತಮ್ಮ ಎರಡನೆಯ ಶಾಖೆಯನ್ನು ತೆರೆದಾಗಲೂ ನಮ್ಮಲ್ಲಿಗೇ ಬಂದರು. ವಸ್ತುವಿನ ಗುಣದೋಷಗಳನ್ನು ಮೊದಲೇ ತಿಳಿಸಿ ಮಾರಿದರೆ ಗ್ರಾಹಕರು ಉಳಿಯುತ್ತಾರೆ. ತಿಳಿದು ಬಳಸಿದರೆ ವಸ್ತುವೂ ಬಾಳುತ್ತದೆ. ನಮ್ಮ ವರ್ತಕ ಬಂಧುಗಳು ಈ ಮೂರು ಪ್ರಶ್ನೆಗಳನ್ನು ತಮ್ಮ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬರೆದಿಟ್ಟುಕೊಳ್ಳಲಿ ಎಂಬುದು ನನ್ನ ವಿನಂತಿ.